ಕಲ್ಲಿನಲ್ಲಿ ಬರೆದ ಕಾಮಗಾರಿ: ಬನವಾಸಿ ಸೀಮೆಯ ಊರಾಡಳಿತದ ಇತಿಹಾಸ

ಬನವಾಸಿಯ ಇತಿಹಾಸ ಎಂದೊಡನೆ ನಮ್ಮ ಶಾಲೆಯಲ್ಲಿ ಓದಿದ ಯಾರಿಗಾದರೂ ಎರಡು ಹೆಸರುಗಳು ನೆನಪಿಗೆ ಬರುತ್ತವೆ. ಒಂದು ಮಯೂರವರ್ಮ, ಇನ್ನೊಂದು ಪಂಪ. ಕನ್ನಡಿಗರ ಮೊದಲ ರಾಜಧಾನಿ ನಮ್ಮದು, ಆದಿಕವಿ ಮನಸಾರೆ ನೆನೆದ ನಾಡು ನಮ್ಮದು ಎಂಬ ಹೆಮ್ಮೆ ಪ್ರಾರ್ಥನೆಯ ಸಾಲಿನಲ್ಲಿ ನಿಂತ ದಿನದಿಂದಲೇ ನಮ್ಮೊಳಗೆ ಬೆಳೆದಿದೆ. ಅದು ತಪ್ಪಲ್ಲ. ಆದರೆ ಈ ಸೀಮೆಯ ಶಾಸನಗಳನ್ನು ಒಂದೊಂದಾಗಿ ಓದುತ್ತ ಹೋದರೆ ಇನ್ನೊಂದು ಸಂಗತಿಯೂ ಕಾಣುತ್ತದೆ. ಅವುಗಳಲ್ಲಿ ಯುದ್ಧದ ಸುದ್ದಿಗಿಂತ ಹೆಚ್ಚಾಗಿ ಇರುವುದು ಕೆರೆಯ ಸುದ್ದಿ, ಗದ್ದೆಯ ಗಡಿಯ ಸುದ್ದಿ, ಸುಂಕದ ಸುದ್ದಿ, ಯಾರು ಎಷ್ಟು ಕೊಡಬೇಕು ಮತ್ತು ಆ ಹಣ ಯಾವುದಕ್ಕೆ ಹೋಗಬೇಕು ಎಂಬ ಸುದ್ದಿ. ಇಂದಿನ ಮಾತಿನಲ್ಲಿ ಹೇಳುವುದಾದರೆ, ಗ್ರಾಮ ಪಂಚಾಯತಿಯ ಸುದ್ದಿ.

ಸುವರ್ಣ ಮಹೋತ್ಸವದ ಈ ಸಂಚಿಕೆಗೆ ಬನವಾಸಿಯ ಇತಿಹಾಸದ ಬಗ್ಗೆ ಬರೆಯಬೇಕೆಂದಾಗ, ಅರಸರ ಬಗ್ಗೆ ನನಗಿಂತ ಚೆನ್ನಾಗಿ ಬಲ್ಲವರು ಬಹಳ ಮಂದಿ ಇರುವುದರಿಂದ ನಾನು ಊರನ್ನು ನಡೆಸಿದ ಬಗೆಯನ್ನು ಆರಿಸಿಕೊಂಡೆ. ಎರಡು ಸಾವಿರ ವರ್ಷಗಳ ಈ ಕಥೆಯಲ್ಲಿ ನಾವು ಇಂದು ಎಲ್ಲಿದ್ದೇವೆ ಎಂದು ನೋಡುವುದು ಈ ಲೇಖನದ ಉದ್ದೇಶ.

ನಾಗಕಲ್ಲಿನ ಮೇಲ್ವಿಚಾರಕ

ಮಧುಕೇಶ್ವರ ದೇವಸ್ಥಾನದ ಆವರಣದಲ್ಲಿರುವ ಐದು ಹೆಡೆಯ ನಾಗಶಿಲ್ಪವನ್ನು ನಾವೆಲ್ಲ ನೋಡಿದ್ದೇವೆ. ಅದರ ಅಂಚಿನಲ್ಲಿ ಬ್ರಾಹ್ಮೀ ಲಿಪಿಯ, ಪ್ರಾಕೃತ ಭಾಷೆಯ ಬರಹವಿದೆ. ಇದು ಕದಂಬರಿಗಿಂತ ಹಿಂದಿನದು. ಚುಟು ವಂಶದ ಹಾರಿತೀಪುತ್ರ ವಿಷ್ಣುಕಡ ಚುಟುಕುಲಾನಂದ ಸಾತಕರ್ಣಿಯ ಆಳ್ವಿಕೆಯ 12ನೇ ವರ್ಷದ್ದು. ಅಂದರೆ ಸುಮಾರು ಸಾವಿರದ ಏಳುನೂರು ವರ್ಷಗಳಷ್ಟು ಹಳೆಯದು. ಅರಸುಮನೆತನದ ಹೆಣ್ಣುಮಗಳು ನಾಗಶ್ರೀ ಒಂದು ನಾಗಶಿಲ್ಪ, ಒಂದು ಕೆರೆ, ಒಂದು ವಿಹಾರ ಇವುಗಳನ್ನು ದಾನವಾಗಿ ಮಾಡಿಸಿದ್ದನ್ನು ಅದು ದಾಖಲಿಸುತ್ತದೆ.

ಇಷ್ಟಕ್ಕೇ ಬರಹ ನಿಲ್ಲುವುದಿಲ್ಲ. ಈ ಕೆಲಸದ ಮೇಲ್ವಿಚಾರಣೆ ಯಾರದು ಎಂಬುದನ್ನೂ ಹೇಳುತ್ತದೆ. ಖದಸಾತಿ ಎಂಬ ಅಮಾತ್ಯ ಇದರ ‘ಕಮಂತಿಕ’, ಅಂದರೆ ಕರ್ಮಾಂತಿಕ, ಕೆಲಸ ಮಾಡಿಸಿದ ಅಧಿಕಾರಿ. ನಾಗನನ್ನು ಕಡೆದವನು ಜಯಂತಿಪುರದ ಆಚಾರ್ಯನೊಬ್ಬನ ಶಿಷ್ಯ ನಟಕ. ಜಯಂತಿಪುರ ಎಂದರೆ ನಮ್ಮ ಬನವಾಸಿಯೇ.

ಇಂದು ಉದ್ಯೋಗ ಖಾತ್ರಿ ಯೋಜನೆಯಲ್ಲಿ ಕೆರೆಯ ಹೂಳೆತ್ತಿದರೆ ದಂಡೆಯ ಮೇಲೆ ಒಂದು ನಾಮಫಲಕ ನಿಲ್ಲಿಸುತ್ತಾರೆ. ಕಾಮಗಾರಿಯ ಹೆಸರು, ಅಂದಾಜು ಮೊತ್ತ, ಅನುಷ್ಠಾನ ಮಾಡಿದವರು ಯಾರು ಎಂಬ ವಿವರ ಅದರಲ್ಲಿ ಇರುತ್ತದೆ. ಹಣ ಯಾರದು, ಕೆಲಸ ಯಾವುದು, ಮಾಡಿಸಿದವರು ಯಾರು, ಮಾಡಿದವರು ಯಾರು ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ಬರೆದು, ಹತ್ತು ಜನ ಓಡಾಡುವ ಜಾಗದಲ್ಲಿ ನಿಲ್ಲಿಸುವ ಪದ್ಧತಿ ಬನವಾಸಿಗೆ ಹೊಸದಲ್ಲ ಎಂದು ಆ ನಾಗಕಲ್ಲು ಹೇಳುತ್ತಿದೆ.

ಮಯೂರನ ಕಥೆ ಉಳಿದದ್ದು ಹೇಗೆ

ಮಯೂರಶರ್ಮ ಗುರುವಿನ ಜೊತೆ ಕಂಚಿಯ ಘಟಿಕಾಸ್ಥಾನಕ್ಕೆ ಓದಲು ಹೋದದ್ದು, ಅಲ್ಲಿ ಪಲ್ಲವರ ಕುದುರೆ ಸವಾರನೊಂದಿಗೆ ಜಗಳವಾದದ್ದು, ಅವಮಾನ ತಾಳಲಾರದೆ ದರ್ಭೆ ಹಿಡಿದ ಕೈಯಲ್ಲಿ ಖಡ್ಗ ಹಿಡಿದದ್ದು ನಮಗೆಲ್ಲ ಬಾಯಿಪಾಠ. ಈ ಕಥೆ ನಮಗೆ ಸಿಕ್ಕಿದ್ದು ಶಿಕಾರಿಪುರ ತಾಲೂಕಿನ ತಾಳಗುಂದದ ಸ್ತಂಭಶಾಸನದಿಂದ. ಕುಬ್ಜ ಎಂಬ ಕವಿ ಅದನ್ನು ಸಂಸ್ಕೃತ ಶ್ಲೋಕಗಳಲ್ಲಿ ರಚಿಸಿದ. ಶಾಂತಿವರ್ಮನ ಕಾಲದಲ್ಲಿ, 5ನೇ ಶತಮಾನದಲ್ಲಿ, ಅದನ್ನು ಪ್ರಣವೇಶ್ವರ ದೇವಾಲಯದ ಮುಂದೆ ನಿಲ್ಲಿಸಲಾಯಿತು.

ಆದರೆ ಆ ಶಾಸನವನ್ನು ಬರೆಸಿದ ಕಾರಣ ಏನು? ಕಾಕುಸ್ಥವರ್ಮ ಆ ದೇವಾಲಯದ ಬಳಿ ಒಂದು ಕೆರೆ ಕಟ್ಟಿಸಿದ. ಆ ಕೆರೆಯ ದಾಖಲೆ ಅದು. ಕೆರೆ ಕಟ್ಟಿಸಿದವನ ವಂಶವನ್ನು ಹೇಳುವಾಗ ಮಯೂರನ ಕಥೆ ಬಂತು. ಕನ್ನಡ ನಾಡಿನ ಮೊದಲ ರಾಜವಂಶ ಹುಟ್ಟಿದ ಕಥೆ ನಮಗೆ ತಲುಪಿದ್ದು ಒಂದು ಕೆರೆಯ ಕಾಮಗಾರಿಯ ಪೀಠಿಕೆಯಾಗಿ! ಆ ಕೆರೆ ಕಟ್ಟದೇ ಇದ್ದಿದ್ದರೆ ಮಯೂರನ ಬಗ್ಗೆ ನಮಗೆ ಬಹಳ ಕಡಿಮೆ ತಿಳಿದಿರುತ್ತಿತ್ತು.

ನಮಗೆ ಇನ್ನೂ ಹತ್ತಿರದ ಗುಡ್ನಾಪುರದಲ್ಲಿ ಕದಂಬ ರವಿವರ್ಮನ ಸ್ತಂಭಶಾಸನ ಸಿಕ್ಕಿದೆ. ಅಲ್ಲಿ ಕಾಮಜಿನಾಲಯ ಕಟ್ಟಿಸಿದ್ದು, ಅರಮನೆ ಮತ್ತು ನೃತ್ಯಶಾಲೆಗಳು ಇದ್ದದ್ದು, ಜಿನಾಲಯಕ್ಕೆ ಬಿಟ್ಟ ಭೂಮಿಯ ವಿವರ ಎಲ್ಲವೂ ಅದರಲ್ಲಿದೆ. ಅರಮನೆಯ ಗೋಡೆಗಳು ಇಂದಿಲ್ಲ. ಗುಡ್ನಾಪುರದ ಕೆರೆ ಮಾತ್ರ ನಮ್ಮ ಕಣ್ಣ ಮುಂದೆ ಇದೆ. ಅರಮನೆ ಬಿದ್ದು ಕೆರೆ ಉಳಿಯಲು ಕಾರಣವನ್ನು ದೂರ ಹುಡುಕಬೇಕಿಲ್ಲ. ಕೆರೆಯಿಂದ ಊರಿಗೆ ಉಪಯೋಗವಿತ್ತು. ಹೂಳು ತುಂಬಿದಾಗ ತೆಗೆಯುವವರು, ಏರಿ ಸೋರಿದಾಗ ಮಣ್ಣು ಹಾಕುವವರು ಪ್ರತಿ ತಲೆಮಾರಿನಲ್ಲೂ ಬೇಕು. ಅಂಥವರಿಲ್ಲದೆ ಯಾವ ಕೆರೆಯೂ ನೂರು ವರ್ಷ ಬಾಳುವುದಿಲ್ಲ. ಅವರ ಹೆಸರು ಯಾವ ಕಲ್ಲಿನಲ್ಲೂ ಇಲ್ಲ.

ಯಾರು ಎಷ್ಟು ಕೊಡಬೇಕು

ಊರೊಂದನ್ನು ನಡೆಸಲು ಹಣ ಬೇಕು, ಹಣಕ್ಕೆ ತೆರಿಗೆ ಬೇಕು, ತೆರಿಗೆಗೆ ನಿಯಮ ಬೇಕು. ಕನ್ನಡದಲ್ಲಿ ಇಂಥ ನಿಯಮಾವಳಿಗಳ ಹಳೆಯ ಮಾದರಿಯನ್ನು ನೋಡಲು ಸ್ವಲ್ಪ ಪೂರ್ವಕ್ಕೆ, ಗದಗ ಜಿಲ್ಲೆಯ ಲಕ್ಷ್ಮೇಶ್ವರಕ್ಕೆ ಹೋಗಬೇಕು. ಇದು ಹಿಂದಿನ ಪುಲಿಗೆರೆ, ಪಂಪ ತನ್ನ ಕನ್ನಡಕ್ಕೆ ತಿರುಳು ಎಂದು ಆರಿಸಿಕೊಂಡ ಊರು. 8ನೇ ಶತಮಾನದ ಮೊದಲ ಭಾಗದಲ್ಲಿ ಬಾದಾಮಿ ಚಾಲುಕ್ಯರ ಯುವರಾಜ ವಿಕ್ರಮಾದಿತ್ಯ ಈ ಊರಿನ ಮಹಾಜನರಿಗೆ, ನಗರಕ್ಕೆ ಮತ್ತು ಹದಿನೆಂಟು ಪ್ರಕೃತಿಗಳಿಗೆ ಒಂದು ‘ಆಚಾರವ್ಯವಸ್ಥೆ’ಯನ್ನು ಬರೆಸಿಕೊಟ್ಟ. ಇಲ್ಲಿ ‘ನಗರ’ ಎಂದರೆ ವರ್ತಕರ ಸಂಘ. ‘ಪ್ರಕೃತಿ’ ಎಂದರೆ ಊರಿನ ಬೇರೆ ಬೇರೆ ಕಸುಬಿನವರು.

ಈ ಶಾಸನ ಎರಡು ಕಡೆಗೂ ಕಟ್ಟುಪಾಡು ಹಾಕುತ್ತದೆ. ರಾಜಪುರುಷರು, ಅಂದರೆ ಸರ್ಕಾರಿ ಅಧಿಕಾರಿಗಳು, ಏನನ್ನು ಕಾಪಾಡಬೇಕು ಎಂದು ಮೊದಲು ಹೇಳುತ್ತದೆ. ಜನ ಬಿಟ್ಟುಹೋದ ಮನೆಗಳು, ಹಿಂದಿನ ಶಾಸನಗಳು, ಅನುಭೋಗದಲ್ಲಿದ್ದ ಆಸ್ತಿ, ನಡೆದುಬಂದ ಮರ್ಯಾದೆ ಇವೆಲ್ಲಕ್ಕೂ ರಕ್ಷಣೆ ಕೊಡಬೇಕು. ಆಮೇಲೆ ಮನೆತನಗಳು ಕೊಡಬೇಕಾದ ತೆರಿಗೆಯನ್ನು ಹೇಳುತ್ತದೆ. ಎಲ್ಲ ಮನೆಗೂ ಒಂದೇ ದರ ಇಲ್ಲ. ಸ್ಥಿತಿವಂತರಿಗೆ ಹೆಚ್ಚು ಪಣ, ಮಧ್ಯಮದವರಿಗೆ ಅದಕ್ಕಿಂತ ಕಡಿಮೆ, ಬಡವರಿಗೆ ಇನ್ನೂ ಕಡಿಮೆ. ಸಾವಿರದ ಮುನ್ನೂರು ವರ್ಷಗಳ ಹಿಂದೆಯೇ ತೆರಿಗೆಯಲ್ಲಿ ಇಂಥ ಮೆಟ್ಟಿಲುಗಳಿದ್ದವು. ಅರಸನ ಅಧಿಕಾರಿ ಮನಸ್ಸಿಗೆ ಬಂದಷ್ಟು ಕೇಳದಂತೆ ಅದನ್ನು ಬರೆದು ನಿಲ್ಲಿಸಿದ್ದರು.

ಮತ್ತೆ ನಮ್ಮ ಸೀಮೆಗೆ ಬರೋಣ. ರಾಷ್ಟ್ರಕೂಟರ ಮತ್ತು ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಬನವಾಸಿ ಹನ್ನೆರಡು ಸಾವಿರ ಎಂಬುದು ದೊಡ್ಡ ಆಡಳಿತ ವಿಭಾಗ. ಶಿರಸಿ, ಸಿದ್ದಾಪುರಗಳ ಜೊತೆಗೆ ಇಂದಿನ ಸೊರಬ, ಶಿಕಾರಿಪುರದ ಭಾಗಗಳೂ ಅದರಲ್ಲಿದ್ದವು. ವಡ್ಡರಾವುಳ, ಪೆರ್ಜುಂಕ, ಬಿಲ್ಕೊಡೆ ಎಂಬ ಸುಂಕಗಳ ಹೆಸರು ಈ ವಿಭಾಗದ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಪೆರ್ಜುಂಕ ಎಂದರೆ ಹೆಜ್ಜುಂಕ, ದೊಡ್ಡ ಸರಕಿನ ಮೇಲಿನ ಸುಂಕ. ಈ ಸುಂಕದ ಒಂದು ಪಾಲನ್ನು ಇಂಥ ದೇವಾಲಯಕ್ಕೆ, ಇಂಥ ಮಠಕ್ಕೆ ಬಿಟ್ಟಿದೆ ಎಂದು ಶಾಸನಗಳು ಹೇಳುತ್ತವೆ. ಬಳ್ಳಿಗಾವಿಯ ಕೋಡಿಯ ಮಠದ 1162ರ ಶಾಸನ ಓದಿದರೆ ಇಂಥ ದತ್ತಿಗಳು ಯಾವ ಕೆಲಸಕ್ಕೆ ಬಳಕೆಯಾಗುತ್ತಿದ್ದವು ಎಂದು ತಿಳಿಯುತ್ತದೆ. ಅಲ್ಲಿ ವೇದ, ವ್ಯಾಕರಣ, ಕಾವ್ಯಗಳ ಪಾಠ ನಡೆಯುತ್ತಿತ್ತು. ದೀನರಿಗೆ, ದಾರಿಹೋಕರಿಗೆ ಅನ್ನ ಸಿಗುತ್ತಿತ್ತು. ರೋಗಿಗಳಿಗೆ ಔಷಧ ಸಿಗುತ್ತಿತ್ತು. ಶಾಲೆ, ಊಟ, ಆಸ್ಪತ್ರೆ ಎಂಬ ಮೂರೂ ಖಾತೆಗಳು ಒಂದೇ ಸೂರಿನಡಿ ಇದ್ದವು.

ಆಗಿನ ಆಡಳಿತದಲ್ಲಿ ಹಳ್ಳಿಗೆ ಊರಗಾವುಂಡ, ನಾಡಿಗೆ ನಾಳ್ಗಾವುಂಡ ಇರುತ್ತಿದ್ದರು. ಇಂದಿನ ‘ಗೌಡ’ ಎಂಬ ಮಾತಿನ ಮೂಲ ಇದೇ ಗಾವುಂಡ. ಬನವಾಸಿ ಹನ್ನೆರಡು ಸಾವಿರಕ್ಕೆ ಸೇರಿದ ನಾಗರಖಂಡ ಎಪ್ಪತ್ತರಲ್ಲಿ 10ನೇ ಶತಮಾನದ ಆರಂಭದಲ್ಲಿ ನಾಳ್ಗಾವುಂಡನಾಗಿದ್ದ ನಾಗಾರ್ಜುನ ತೀರಿಕೊಂಡಾಗ, ಆ ಅಧಿಕಾರ ಅವನ ಹೆಂಡತಿ ಜಕ್ಕಿಯಬ್ಬೆಗೆ ಬಂತು. ಬಂದಳಿಕೆಯ ಶಾಸನ ಅವಳು ನಾಡನ್ನು ಚೆನ್ನಾಗಿ ನಡೆಸಿದಳೆಂದು ಹೊಗಳುತ್ತದೆ. ಹೆಣ್ಣುಮಗಳಿಗೆ ಆಡಳಿತ ತಿಳಿಯುತ್ತದೆಯೇ ಎಂದು ಇಂದಿಗೂ ಕೇಳುವವರಿಗೆ ನಮ್ಮ ನೆರೆಯ ಬಂದಳಿಕೆಯಲ್ಲೇ ಉತ್ತರವಿದೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು ಹೇಳಬೇಕು. ಹಳೆಯ ಕಾಲದಲ್ಲಿ ಎಲ್ಲವೂ ಚೆಂದವಿತ್ತು ಎಂದು ಇದರ ಅರ್ಥವಲ್ಲ. ಮಹಾಜನರ ಸಭೆಯಲ್ಲಿ ಎಲ್ಲ ಜಾತಿಯವರಿಗೂ ಜಾಗವಿರಲಿಲ್ಲ. ತೆರಿಗೆ ಕೊಟ್ಟವರೆಲ್ಲರ ಮಾತಿಗೂ ಬೆಲೆ ಇರಲಿಲ್ಲ. ಕೆರೆ ತೋಡಿದವರ ಹೆಸರು ಕಲ್ಲಿಗೆ ಏರಲಿಲ್ಲ. ಲೆಕ್ಕವನ್ನು ಬಹಿರಂಗವಾಗಿ ಬರೆದಿಡುವ ಒಳ್ಳೆಯ ಪದ್ಧತಿ ಇತ್ತು. ಆ ಲೆಕ್ಕವನ್ನು ಕೇಳುವ ಹಕ್ಕು ಮಾತ್ರ ಕೆಲವರಿಗಷ್ಟೇ ಇತ್ತು.

ರೂಪಾಯಿಗೆ ಒಂದಾಣೆ

1799ರಲ್ಲಿ ಟಿಪ್ಪುವಿನ ಪತನದ ನಂತರ ಕೆನರಾ ಬ್ರಿಟಿಷರ ಕೈಗೆ ಬಂತು. ಮೊದಲು ಮದ್ರಾಸ್ ಪ್ರಾಂತದಲ್ಲಿದ್ದ ನಮ್ಮ ಜಿಲ್ಲೆಯನ್ನು 1862ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ನಮ್ಮ ಹಿರಿಯರು ತಹಸೀಲ್ದಾರರನ್ನು ಮಾಮಲೇದಾರ ಎನ್ನುವುದು, ದಾಖಲೆಯ ನಕಲಿಗೆ ಉತಾರ ಎನ್ನುವುದು ಆ ಕಾಲದ ಬಳುವಳಿ.

ಮುಂಬಯಿ ಸರ್ಕಾರ ಭೂಕಂದಾಯದ ಮೇಲೆ ರೂಪಾಯಿಗೆ ಒಂದಾಣೆಯಂತೆ ಲೋಕಲ್ ಫಂಡ್ ಎಂಬ ಹೆಚ್ಚುವರಿ ಕರ ವಸೂಲಿ ಮಾಡತೊಡಗಿತು. ಒಂದು ರೂಪಾಯಿಗೆ ಹದಿನಾರು ಆಣೆಯಾದ್ದರಿಂದ ಇದು ಕಂದಾಯದ ಹದಿನಾರನೇ ಒಂದು ಪಾಲು. ಈ ಹಣದ ದೊಡ್ಡ ಭಾಗ ರಸ್ತೆಗಳಿಗೆ, ಮೂರನೇ ಒಂದು ಪಾಲು ಶಾಲೆಗಳಿಗೆ ಮೀಸಲು. ನಮ್ಮ ಸೀಮೆಯ ಹಳೆಯ ಕನ್ನಡ ಶಾಲೆಗಳ ಹಿಂದೆ ರೈತರು ಕೊಟ್ಟ ಈ ಒಂದಾಣೆಯ ಪಾಲಿದೆ. 1882ರಲ್ಲಿ ಲಾರ್ಡ್ ರಿಪ್ಪನ್ ಸ್ಥಳೀಯ ಸ್ವಯಂ ಆಡಳಿತದ ನಿರ್ಣಯ ಹೊರಡಿಸಿದ. 1884ರ ಮುಂಬಯಿ ಕಾಯ್ದೆಯ ಪ್ರಕಾರ ಜಿಲ್ಲೆಗೆ ಮತ್ತು ತಾಲೂಕಿಗೆ ಲೋಕಲ್ ಬೋರ್ಡುಗಳು ಬಂದವು. ಆದರೆ ಅವುಗಳಲ್ಲಿ ಸರ್ಕಾರ ನೇಮಿಸಿದವರೇ ಬಹಳ. ಮತ ಹಾಕುವ ಹಕ್ಕು ಆಸ್ತಿವಂತರಿಗೆ ಮಾತ್ರ. 1920 ಮತ್ತು 1933ರಲ್ಲಿ ಮುಂಬಯಿ ಪ್ರಾಂತದ ಗ್ರಾಮ ಪಂಚಾಯತ್ ಕಾಯ್ದೆಗಳು ಬಂದರೂ ಹಳ್ಳಿಯ ನಿಜವಾದ ಯಜಮಾನಿಕೆ ಪಟೇಲ, ಶಾನಭೋಗರ ಕೈಯಲ್ಲೇ ಉಳಿಯಿತು.

ಕೊಡುವವರಿಗೆ ಕೇಳುವ ಹಕ್ಕಿಲ್ಲ ಎಂಬ ಈ ಸ್ಥಿತಿಗೆ ನಮ್ಮ ಜಿಲ್ಲೆ ಕೊಟ್ಟ ಉತ್ತರ ಭಾರತದ ಸ್ವಾತಂತ್ರ್ಯ ಹೋರಾಟದ ಇತಿಹಾಸದಲ್ಲಿ ದಾಖಲಾಗಿದೆ. 1930ರ ದಶಕದ ಮೊದಲ ವರ್ಷಗಳಲ್ಲಿ ಸಿದ್ದಾಪುರ ಮತ್ತು ಅಂಕೋಲಾ ತಾಲೂಕುಗಳಲ್ಲಿ ಕರನಿರಾಕರಣೆ ಚಳವಳಿ ನಡೆಯಿತು. ಬೆಳೆ ಕೆಟ್ಟು, ಬೆಲೆ ಬಿದ್ದು ಸೋತಿದ್ದ ರೈತರು ಕಂದಾಯ ಕೊಡುವುದಿಲ್ಲ ಎಂದರು. ಸರ್ಕಾರ ಜಮೀನು, ತೋಟ, ದನಕರು, ಪಾತ್ರೆಪಡಗಗಳನ್ನು ಜಪ್ತಿ ಮಾಡಿ ಹರಾಜು ಹಾಕಿತು. ಗಂಡಸರು ಜೈಲಿಗೆ ಹೋದಾಗ ಹೆಂಗಸರು ಮನೆಯ ಮುಂದೆ ನಿಂತು ಸತ್ಯಾಗ್ರಹ ನಡೆಸಿದರು. ತಲೆಮಾರುಗಳಿಂದ ಬಂದ ಅಡಿಕೆ ತೋಟ ಕಳೆದುಕೊಂಡು ಬೇರೆಯವರ ಚಾವಡಿಯಲ್ಲಿ ವರ್ಷಗಟ್ಟಲೆ ಬಾಳಿದ ಕುಟುಂಬಗಳಿದ್ದವು. 1937ರಲ್ಲಿ ಮುಂಬಯಿಯಲ್ಲಿ ಕಾಂಗ್ರೆಸ್ ಮಂತ್ರಿಮಂಡಲ ಬಂದ ಮೇಲೆ ಜಪ್ತಿಯಾದ ಜಮೀನುಗಳನ್ನು ಹಿಂದಿರುಗಿಸುವ ಏರ್ಪಾಡು ಆಯಿತು.

ಆ ಜನ ತೆರಿಗೆಯನ್ನೇ ವಿರೋಧಿಸಿದವರಲ್ಲ. ತಮ್ಮ ಕಷ್ಟವನ್ನು ಕೇಳದ, ತಮಗೆ ಲೆಕ್ಕ ಕೊಡದ ಸರ್ಕಾರಕ್ಕೆ ತೆರಿಗೆ ಕೊಡುವುದನ್ನು ವಿರೋಧಿಸಿದವರು. ಈ ವ್ಯತ್ಯಾಸವನ್ನು ಮುಂದಿನ ಮಾತಿಗಾಗಿ ನೆನಪಿಡಬೇಕು.

ಮಂಡಲದಿಂದ ಗ್ರಾಮ ಸ್ವರಾಜ್‌ಗೆ

1956ರ ನವೆಂಬರ್ 1ರಂದು ಉತ್ತರ ಕನ್ನಡ ಹೊಸ ಮೈಸೂರು ರಾಜ್ಯಕ್ಕೆ ಸೇರಿತು. 1959ರ ಕಾಯ್ದೆಯಿಂದ ರಾಜ್ಯಕ್ಕೆಲ್ಲ ಒಂದೇ ಬಗೆಯ ಗ್ರಾಮ ಪಂಚಾಯತ್ ಮತ್ತು ತಾಲೂಕು ಬೋರ್ಡುಗಳು ಬಂದವು. ಆದರೆ ಅವುಗಳ ಕೈಯಲ್ಲಿ ಹಣವೂ ಕಡಿಮೆ, ಅಧಿಕಾರವೂ ಕಡಿಮೆ.

ದೊಡ್ಡ ಬದಲಾವಣೆ ಬಂದದ್ದು 1983ರ ಕಾಯ್ದೆಯಿಂದ. ಆಗಿನ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ನಮ್ಮ ಪಕ್ಕದ ಸಿದ್ದಾಪುರ ತಾಲೂಕಿನ ದೊಡ್ಮನೆಯವರು. ಗ್ರಾಮೀಣಾಭಿವೃದ್ಧಿ ಸಚಿವ ಅಬ್ದುಲ್ ನಜೀರ್ ಸಾಬ್ ಹಳ್ಳಿ ಹಳ್ಳಿಗೆ ಬೋರ್‌ವೆಲ್ ಕೊರೆಸಿ ‘ನೀರ್ ಸಾಬ್’ ಎಂದು ಹೆಸರಾದವರು. ಇವರಿಬ್ಬರ ಕಾಲದಲ್ಲಿ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯತ್ ಬಂದವು. 1987ರಲ್ಲಿ ಚುನಾವಣೆ ನಡೆಯಿತು. ಕಾಲು ಭಾಗ ಸ್ಥಾನಗಳು ಮಹಿಳೆಯರಿಗೆ ಮೀಸಲಾದವು. ಇಡೀ ದೇಶ ಕರ್ನಾಟಕದ ಈ ಪ್ರಯೋಗವನ್ನು ನೋಡಲು ಬಂತು. ಆಮೇಲೆ ಸಂವಿಧಾನದ 73ನೇ ತಿದ್ದುಪಡಿ ಬಂದಾಗ ಈ ಅನುಭವ ದಾರಿದೀಪವಾಯಿತು. ಅದಕ್ಕೆ ಹೊಂದಿಕೊಂಡಂತೆ ಕರ್ನಾಟಕ ಪಂಚಾಯತ್ ರಾಜ್ ಕಾಯ್ದೆ 1993ರ ಮೇ 10ರಿಂದ ಜಾರಿಗೆ ಬಂತು. ಮಂಡಲಗಳು ಹೋಗಿ ಗ್ರಾಮ ಪಂಚಾಯತ್‌ಗಳಾದವು. 2010ರಿಂದ ಮಹಿಳಾ ಮೀಸಲಾತಿ ಅರ್ಧಕ್ಕೆ ಏರಿತು. ಕಾಯ್ದೆಯ ಇಂದಿನ ಹೆಸರಿನಲ್ಲಿ ‘ಗ್ರಾಮ ಸ್ವರಾಜ್’ ಎಂಬ ಮಾತೂ ಸೇರಿದೆ.

ಕಾಯ್ದೆ ಬರೆದವರು ಮಲೆನಾಡನ್ನೂ ಮರೆತಿಲ್ಲ. ಸಾಮಾನ್ಯವಾಗಿ ಒಂದು ಗ್ರಾಮ ಪಂಚಾಯತ್‌ಗೆ 5,000ದಿಂದ 7,000 ಜನಸಂಖ್ಯೆ ಬೇಕು. ಮನೆಗೂ ಮನೆಗೂ ಗುಡ್ಡ, ಹಳ್ಳ ಅಡ್ಡ ಇರುವ ಉತ್ತರ ಕನ್ನಡದಂಥ ಜಿಲ್ಲೆಗಳಲ್ಲಿ 2,500 ಜನರಿದ್ದರೂ ಪಂಚಾಯತ್ ಮಾಡಬಹುದು. 400 ಜನಕ್ಕೆ ಒಬ್ಬ ಸದಸ್ಯ. ಅಂದರೆ ನಮ್ಮ ಸದಸ್ಯರು ನಮಗೆ ಮುಖಪರಿಚಯ ಇರುವವರೇ. ಶಾಸಕರನ್ನು ಭೇಟಿ ಮಾಡಲು ಹೊತ್ತು ಗೊತ್ತು ಬೇಕು. ಪಂಚಾಯತ್ ಸದಸ್ಯರು ಹಾಲಿನ ಡೇರಿಯಲ್ಲೋ ಬಸ್ ನಿಲ್ದಾಣದಲ್ಲೋ ಸಿಗುತ್ತಾರೆ.

ಒಂದು ರಸೀದಿಯನ್ನು ಓದುವುದು

ಮನೆ ತೆರಿಗೆಯ ರಸೀದಿಯನ್ನು ನಾವು ಮಡಚಿ ಇಡುತ್ತೇವೆ, ಓದುವುದು ಕಡಿಮೆ. ಅದರಲ್ಲಿ ತೆರಿಗೆಯ ಕೆಳಗೆ ನಾಲ್ಕು ಕರಗಳಿರುತ್ತವೆ. ತೆರಿಗೆಯ ಮೇಲೆ ಆರೋಗ್ಯ ಕರ ಶೇ. 15, ಶಿಕ್ಷಣ ಕರ ಶೇ. 10, ಗ್ರಂಥಾಲಯ ಕರ ಶೇ. 6, ಭಿಕ್ಷುಕರ ಕರ ಶೇ. 3. ಸಾವಿರ ರೂಪಾಯಿ ತೆರಿಗೆ ಇದ್ದರೆ 340 ರೂಪಾಯಿ ಈ ನಾಲ್ಕಕ್ಕೆ ಹೋಗುತ್ತದೆ. ಔಷಧ, ಓದು, ಪುಸ್ತಕ, ದಿಕ್ಕಿಲ್ಲದವರಿಗೆ ಆಸರೆ. ಕೋಡಿಯ ಮಠದ ಪಟ್ಟಿಯನ್ನು ಮತ್ತೆ ಓದಿದ ಹಾಗೆ ಆಗುತ್ತದೆ.

ತೆರಿಗೆಯ ಹೊರತಾಗಿ ನೀರಿನ ಶುಲ್ಕ, ಸಂತೆಯ ಶುಲ್ಕ, ಅಂಗಡಿ ಪರವಾನಗಿಯ ಶುಲ್ಕ ಪಂಚಾಯತ್‌ಗೆ ಬರುತ್ತವೆ. ಬೀದಿದೀಪ, ಕುಡಿಯುವ ನೀರು, ಚರಂಡಿ, ಕಸ ವಿಲೇವಾರಿ, ಊರಿನ ಕೆರೆ, ಸ್ಮಶಾನ, ಉದ್ಯಾನ, ಆಟದ ಬಯಲು ಎಲ್ಲದರ ಹೊಣೆ ಅದರದ್ದು. ಕಸ ಎಲ್ಲಿ ಹಾಕಬೇಕು, ಬೀದಿಗೆ ಎಷ್ಟು ಜಾಗ ಬಿಟ್ಟು ಕಟ್ಟಬೇಕು ಎಂಬಂಥ ವಿಷಯಗಳಲ್ಲಿ ಕಾಯ್ದೆಯ ಮಿತಿಯೊಳಗೆ ತನ್ನದೇ ಉಪವಿಧಿಗಳನ್ನು ಮಾಡಿಕೊಳ್ಳುವ ಅಧಿಕಾರವೂ ಅದಕ್ಕೆ ಇದೆ. ಪುಲಿಗೆರೆಯವರಿಗೆ ಯುವರಾಜ ಬರೆಸಿಕೊಟ್ಟ ಆಚಾರವ್ಯವಸ್ಥೆಯನ್ನು ಇಂದು ಊರಿನವರೇ ಬರೆದುಕೊಳ್ಳಬಹುದು.

ಬನವಾಸಿಗೆ ಇಲ್ಲಿ ಬೇರೆ ಊರಿಗಿಲ್ಲದ ಒಂದು ತೊಡಕಿದೆ. ಮಧುಕೇಶ್ವರ ದೇವಸ್ಥಾನ ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ. 2010ರಲ್ಲಿ ತಿದ್ದುಪಡಿಯಾದ ಕಾನೂನಿನ ಪ್ರಕಾರ ಇಂಥ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ. ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ. ರಥಬೀದಿಯ ಮನೆಯವರು ಮಾಡು ರಿಪೇರಿ ಮಾಡಿಸಲು, ಮಗನಿಗೊಂದು ಕೋಣೆ ಕಟ್ಟಿಸಲು ಪಂಚಾಯತ್ ಅನುಮತಿ ಒಂದೇ ಸಾಲದು. ಮೇಲಿನ ಪ್ರಾಧಿಕಾರದ ಅನುಮತಿಯೂ ಬೇಕು. ನಿಷೇಧಿತ ವಲಯದಲ್ಲಿ ಹೊಸ ಕಟ್ಟಡಕ್ಕೆ ಅವಕಾಶವೇ ಇಲ್ಲ. ಸ್ಮಾರಕ ಉಳಿಯಬೇಕು, ಅದರ ಪಕ್ಕ ಬಾಳುವ ಜನವೂ ಉಳಿಯಬೇಕು. ಈ ಎರಡನ್ನೂ ಒಂದೇ ಮೇಜಿನ ಮೇಲಿಟ್ಟು ಮಾತಾಡುವ ಜಾಗ ಗ್ರಾಮಸಭೆ. ಒಬ್ಬೊಬ್ಬರೇ ಅರ್ಜಿ ಹಿಡಿದು ಕಚೇರಿಗಳಿಗೆ ಅಲೆಯುವುದಕ್ಕಿಂತ, ಯಾವ ಬೀದಿಯಲ್ಲಿ ಯಾವ ರಿಪೇರಿ ಬೇಕು ಎಂಬ ಪಟ್ಟಿ ಮಾಡಿ ಊರಿನ ಠರಾವಾಗಿ ಕಳಿಸಿದರೆ ಅದಕ್ಕೆ ತೂಕ ಬೇರೆ.

ನಮ್ಮಂಥ ಸಾಫ್ಟ್‌ವೇರ್ ಕೆಲಸದವರಿಗೆ ಇನ್ನೊಂದು ವಿಷಯ ಖುಷಿ ಕೊಡುತ್ತದೆ. ಪಂಚಾಯತ್‌ನ ಲೆಕ್ಕಪತ್ರ ಇಂದು ‘ಪಂಚತಂತ್ರ’ ತಂತ್ರಾಂಶದಲ್ಲಿದೆ. ಮನೆ, ನಿವೇಶನಗಳ ನಮೂನೆ 9 ಮತ್ತು 11 ‘ಇ-ಸ್ವತ್ತು’ ಮೂಲಕ ಸಿಗುತ್ತವೆ. ಆದರೆ ಗಣಕಯಂತ್ರದ ಬಗ್ಗೆ ಗೊತ್ತಿರುವವರಿಗೆ ಇದೂ ಗೊತ್ತಿರುತ್ತದೆ: ದಾಖಲೆ ಎಷ್ಟೇ ಅಚ್ಚುಕಟ್ಟಾಗಿದ್ದರೂ ಅದನ್ನು ತೆರೆದು ನೋಡುವವರು ಇಲ್ಲದಿದ್ದರೆ ಅದರಲ್ಲಿನ ತಪ್ಪು ಹಾಗೇ ಉಳಿಯುತ್ತದೆ. ನಾಗಕಲ್ಲಿನ ಬರಹ ದೇವಸ್ಥಾನಕ್ಕೆ ಬಂದವರ ಕಣ್ಣಿಗೆ ಬೀಳುತ್ತಿತ್ತು. ಕಂಪ್ಯೂಟರಿನೊಳಗಿನ ಲೆಕ್ಕವನ್ನು ನಾವೇ ಹೋಗಿ ಕೇಳಬೇಕು.

ಪಟ್ಟಣವಾಗಬೇಕೆ?

ಶಿರಸಿಯಲ್ಲಿ ನಗರಸಭೆ ಇದೆ. ಸಿದ್ದಾಪುರ, ಯಲ್ಲಾಪುರಗಳಲ್ಲಿ ಪಟ್ಟಣ ಪಂಚಾಯತ್ ಇದೆ. ರಾಜಧಾನಿಯಾಗಿದ್ದ ಬನವಾಸಿಯಲ್ಲಿ ಗ್ರಾಮ ಪಂಚಾಯತ್ ಇದೆ. ಇದನ್ನು ಕೇಳಿದ ಹೊರಗಿನವರು ಅಚ್ಚರಿಪಡುತ್ತಾರೆ. ನಮ್ಮಲ್ಲೂ ಕೆಲವರಿಗೆ ಇದು ಕುಂದು ಎನಿಸಬಹುದು. ಈ ವಿಷಯವನ್ನು ಅಭಿಮಾನದಿಂದ ಅಳೆಯುವುದಕ್ಕಿಂತ ಲೆಕ್ಕದಿಂದ ಅಳೆಯುವುದು ಒಳ್ಳೆಯದು.

ಕರ್ನಾಟಕ ಪೌರಸಭೆಗಳ ಕಾಯ್ದೆ, 1964ರ ಪ್ರಕಾರ ಪಟ್ಟಣ ಪಂಚಾಯತ್ ಆಗಲು ಸಾಮಾನ್ಯವಾಗಿ 10,000ದಿಂದ 20,000 ಜನಸಂಖ್ಯೆ ಇರಬೇಕು. ದುಡಿಯುವವರಲ್ಲಿ ಕನಿಷ್ಠ ಅರ್ಧದಷ್ಟು ಜನ ಕೃಷಿಯೇತರ ಕೆಲಸದಲ್ಲಿರಬೇಕು. ಪಟ್ಟಣವಾದರೆ ನಗರಾಭಿವೃದ್ಧಿಯ ಅನುದಾನ, ಪೌರಕಾರ್ಮಿಕರು, ಯೋಜಿತ ರಸ್ತೆ, ಉದ್ಯಾನಗಳ ಸಾಧ್ಯತೆ ಬರುತ್ತದೆ. ಜೊತೆಗೆ ತೆರಿಗೆಯೂ ಏರುತ್ತದೆ. ಗ್ರಾಮೀಣ ಉದ್ಯೋಗ ಖಾತ್ರಿಯ ಕೆಲಸ ನಿಲ್ಲುತ್ತದೆ. ಎಲ್ಲ ಮತದಾರರೂ ಕೂತು ಲೆಕ್ಕ ಕೇಳುವ ಗ್ರಾಮಸಭೆಯೂ ಇಲ್ಲವಾಗುತ್ತದೆ. ಭತ್ತ, ಅನಾನಸು, ಅಡಿಕೆಯನ್ನು ನಂಬಿದ, ಕೂಲಿಯನ್ನು ನಂಬಿದ ಮನೆಗಳಿಗೆ ಇವು ಸಣ್ಣ ಮಾತುಗಳಲ್ಲ. ವರದೆಯ ಬಳಸಿನಲ್ಲಿರುವ ಊರಿಗೆ ಯಾವ ಹೆಸರಿನ ಕಚೇರಿ ಬೇಕು ಎಂಬುದನ್ನು ತೀರ್ಮಾನಿಸುವ ಮೊದಲು, ಇರುವ ಕಚೇರಿಯಿಂದ ಪೂರ್ತಿ ಕೆಲಸ ತೆಗೆದುಕೊಂಡಿದ್ದೇವೆಯೇ ಎಂದು ಕೇಳಿಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ. ಭಿನ್ನ ಅಭಿಪ್ರಾಯ ಇರುವವರೂ ಇದ್ದಾರೆ, ಇರಲಿ. ಆ ಚರ್ಚೆಯೂ ಗ್ರಾಮಸಭೆಯಲ್ಲೇ ಆಗಲಿ.

ನೂರು ಜನ

ಕಾಯ್ದೆಯ ಪ್ರಕಾರ ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಸೇರಬೇಕು. ಅದಕ್ಕೆ ಕೋರಂ ಎಷ್ಟು ಗೊತ್ತೇ? ಒಟ್ಟು ಮತದಾರರಲ್ಲಿ ಹತ್ತನೇ ಒಂದು ಭಾಗ ಅಥವಾ ನೂರು ಜನ, ಯಾವುದು ಕಡಿಮೆಯೋ ಅದು. ಕದಂಬೋತ್ಸವದ ಒಂದು ಸಂಜೆಗೆ ಸೇರುವ ಜನರಲ್ಲಿ ಇದು ಎಷ್ಟು ಸಣ್ಣ ಪಾಲು! ಪಂಪನ ಹೆಸರಿನ ಪ್ರಶಸ್ತಿ ಪ್ರದಾನ ನೋಡಲು ನಾವು ಬೆಂಗಳೂರಿನಿಂದ ರಜೆ ಹಾಕಿ ಬರುತ್ತೇವೆ. ನಮ್ಮದೇ ಬೀದಿಯ ನೀರಿನ ಪೈಪಿಗೆ ಎಷ್ಟು ಖರ್ಚಾಯಿತು ಎಂದು ಓದಿ ಹೇಳುವ ಸಭೆಯಿದ್ದ ದಿನ ಮಾತ್ರ ಊರಿನಲ್ಲೇ ಇದ್ದವರೂ ‘ಊರ ಉಸಾಬರಿ ನಮಗ್ಯಾಕೆ’ ಎಂದು ತೋಟದ ಕಡೆ ನಡೆಯುವುದು ಎಲ್ಲ ಕಡೆ ಕಾಣುವ ದೃಶ್ಯ.

ಕರನಿರಾಕರಣೆಯ ಕಾಲದವರನ್ನು ಇಲ್ಲಿ ನೆನೆಯಬೇಕು. ಲೆಕ್ಕ ಕೇಳುವ ಹಕ್ಕಿಲ್ಲದೆ ತೆರಿಗೆ ಕೊಡೆವು ಎಂದು ಅವರು ತೋಟ ಕಳೆದುಕೊಂಡರು. ನಮಗೆ ಆ ಹಕ್ಕು ಕಾಯ್ದೆಯಲ್ಲೇ ಇದೆ, ತೋಟ ಕಳೆದುಕೊಳ್ಳಬೇಕಿಲ್ಲ, ಅರ್ಧ ದಿನ ಕಳೆದುಕೊಂಡರೆ ಸಾಕು. ಹಾಗಿರುವಾಗ ತೆರಿಗೆ ಬಾಕಿ ಇಡುವುದಕ್ಕೂ ಸಭೆಗೆ ಹೋಗದೆ ಇರುವುದಕ್ಕೂ ನಮ್ಮ ಬಳಿ ಒಳ್ಳೆಯ ಕಾರಣವಿಲ್ಲ.

ಐವತ್ತು ತುಂಬಿದ ನಮ್ಮ ಶಾಲೆ ಈ ವಿಷಯದಲ್ಲಿ ಏನು ಮಾಡಬಹುದು? ಮೂರು ಸಲಹೆಗಳನ್ನು ಗುರುಗಳ ಮುಂದೆ, ಹಳೆಯ ವಿದ್ಯಾರ್ಥಿಗಳ ಮುಂದೆ ವಿನಯದಿಂದ ಇಡುತ್ತೇನೆ.

ಮೊದಲನೆಯದು, ಒಂಬತ್ತನೇ ತರಗತಿಯ ಮಕ್ಕಳು ಪ್ರತಿ ವರ್ಷ ಊರಿನ ಕಾಮಗಾರಿ ಫಲಕಗಳನ್ನು ಒಂದು ದಪ್ಪ ಪುಸ್ತಕದಲ್ಲಿ ನಕಲು ಮಾಡಲಿ. ಕೆಲಸದ ಹೆಸರು, ಮೊತ್ತ, ವರ್ಷ, ಇಂದಿನ ಸ್ಥಿತಿ. ಅದೇ ಪುಸ್ತಕದ ಮೊದಲ ಪುಟದಲ್ಲಿ ನಾಗಶ್ರೀಯ ಶಾಸನದ ಕನ್ನಡ ಸಾರಾಂಶ ಇರಲಿ. ಬಣ್ಣದ ಫಲಕ ಎರಡು ಮಳೆಗಾಲಕ್ಕೆ ಅಳಿಸಿಹೋಗುತ್ತದೆ. ಶಾಲೆಯ ಪುಸ್ತಕ ಉಳಿಯುತ್ತದೆ. ಹತ್ತು ವರ್ಷ ಕಳೆದರೆ ಅದೇ ಊರಿನ ಇತಿಹಾಸದ ಆಧಾರ ಗ್ರಂಥವಾಗುತ್ತದೆ.

ಎರಡನೆಯದು, ಮಕ್ಕಳ ಗ್ರಾಮಸಭೆಯನ್ನು ಭಾಷಣ ಸ್ಪರ್ಧೆಯ ಹಾಗೆ ನಡೆಸದೆ ನಿಜವಾದ ಸಭೆಯ ಹಾಗೆ ನಡೆಸಲಿ. ಶೌಚಾಲಯದ ನೀರು, ಸಂಜೆ ಬಸ್ಸು ಇಳಿದು ನಡೆಯುವ ದಾರಿಯ ದೀಪ, ಆಟದ ಬಯಲಿನ ಬೇಲಿ ಇವನ್ನು ಮಕ್ಕಳು ಕೇಳಲಿ. ಕಳೆದ ವರ್ಷ ಕೇಳಿದ್ದರಲ್ಲಿ ಏನಾಯಿತು ಎಂಬ ಪ್ರಶ್ನೆಯಿಂದಲೇ ಸಭೆ ಶುರುವಾಗಲಿ.

ಮೂರನೆಯದು, ಹೊರಊರಿನಲ್ಲಿರುವ ನನ್ನಂಥ ಹಳೆಯ ವಿದ್ಯಾರ್ಥಿಗಳಿಗೆ. ಬೀಗ ಹಾಕಿದ ಮನೆಗೂ ತೆರಿಗೆ ಇದೆ. ಅದರ ಮುಂದಿನ ಬೀದಿದೀಪ ನಾವಿಲ್ಲದಾಗಲೂ ಉರಿಯುತ್ತಿರುತ್ತದೆ. ಹಬ್ಬಕ್ಕೆ ಊರಿಗೆ ಬಂದಾಗ ಪಂಚಾಯತ್ ಕಚೇರಿಗೆ ಒಮ್ಮೆ ಹೋಗಿ ಬಾಕಿ ಕಟ್ಟೋಣ. ಅಲ್ಲಿನ ಗ್ರಂಥಾಲಯಕ್ಕೆ ನಾಲ್ಕು ಒಳ್ಳೆಯ ಪುಸ್ತಕ ಕೊಡೋಣ. ವರ್ಷದ ಎರಡು ಗ್ರಾಮಸಭೆಗಳಲ್ಲಿ ಒಂದಕ್ಕಾದರೂ ನಮ್ಮ ಮನೆಯಿಂದ ಒಬ್ಬರು ಹೋಗುವಂತೆ ನೋಡಿಕೊಳ್ಳೋಣ.

ಈ ಐವತ್ತು ವರ್ಷಗಳಲ್ಲಿ ನಮ್ಮ ಶಾಲೆಯಿಂದ ಹೊರಬಂದವರಲ್ಲಿ ಪಂಚಾಯತ್ ಸದಸ್ಯರಾದವರು, ನೀರು ಬಿಡುವ ವಾಟರ್‌ಮನ್ ಆದವರು, ಅಂಗನವಾಡಿ ಕಾರ್ಯಕರ್ತೆಯರಾದವರು, ಕರ ವಸೂಲಿಗಾರರಾದವರು ಎಲ್ಲರೂ ಇರುತ್ತಾರೆ. ಸಂಚಿಕೆಗಳಲ್ಲಿ ಹೆಚ್ಚಾಗಿ ದೂರ ಹೋಗಿ ಹೆಸರು ಮಾಡಿದವರ ಹೆಸರೇ ಅಚ್ಚಾಗುತ್ತದೆ. ಊರಿನಲ್ಲಿ ಉಳಿದು ಊರನ್ನು ನಡೆಸಿದವರಿಗೆ ಈ ಲೇಖನದ ಮೂಲಕ ನನ್ನ ನಮಸ್ಕಾರ. ಸಾವಿರದ ಏಳುನೂರು ವರ್ಷಗಳ ಹಿಂದೆ ಕೆರೆ ಮಾಡಿಸಿದ ಖದಸಾತಿಯ ಹೆಸರನ್ನು ಬನವಾಸಿ ಕಲ್ಲಿನಲ್ಲಿ ಬರೆದಿಟ್ಟಿದೆ. ಇವರ ಹೆಸರನ್ನು ಶಾಲೆಯ ಪುಸ್ತಕದಲ್ಲಾದರೂ ಬರೆದಿಡೋಣ.